ಕಾರಿನ ಕೂಲಿಂಗ್ ವ್ಯವಸ್ಥೆಯಲ್ಲಿ ಗಾಳಿ ಸಿಕ್ಕಿಕೊಳ್ಳುವುದೇಕೆ, ಅದನ್ನು ಹೊರಹಾಕುವುದು ಹೇಗೆ

ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಹಳತಾದಾಗ ಅದನ್ನು ಬಸಿದು ಹೊಸದನ್ನು ತುಂಬುವಾಗ ಅಳತೆಯ ಪಾತ್ರೆಯನ್ನು ಬಳಸುವವರು ಕಡಿಮೆ. ಬಳಸಿದವರಿಗೆ ಮಾತ್ರ ಒಂದು ವಿಚಿತ್ರ ಬೇಗ ಕಣ್ಣಿಗೆ ಬೀಳುತ್ತದೆ: ಐದೂವರೆ ಲೀಟರ್ ದ್ರವ ಹೊರಬಂದ ಕಾರಿಗೆ ನಾಲ್ಕು ಲೀಟರ್ ಹಾಕುವಷ್ಟರಲ್ಲೇ ರೇಡಿಯೇಟರಿನ ಬಾಯಿ ತುಂಬಿ ತುಳುಕತೊಡಗುತ್ತದೆ. ಉಳಿದ ಒಂದೂವರೆ ಲೀಟರ್ ಹಿಡಿಯಬೇಕಾಗಿದ್ದ ಜಾಗವೇನೂ ಮಾಯವಾಗಿಲ್ಲ. ಅದು ಎಂಜಿನ್ನಿನ ಒಳಗೆ, ಕ್ಯಾಬಿನ್ನನ್ನು ಬಿಸಿ ಮಾಡುವ ಹೀಟರಿನ ಕೊಳವೆಗಳಲ್ಲಿ, ಬಿಸಿಗೆ ತಕ್ಕಂತೆ ಕೂಲಂಟಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟಾಟಿನ ಹಿಂದೆ ಗಾಳಿಯಿಂದ ತುಂಬಿಕೊಂಡಿದೆ. ಮುಚ್ಚಳ ಹಾಕಿ ಕಾರನ್ನು ಓಡಿಸಿದರೆ ಆ ಗಾಳಿ ತಾನಾಗಿಯೇ ಹೊರಬರಬಹುದು, ಬರದೆಯೂ ಇರಬಹುದು. ಬಾರದಿದ್ದರೆ ಕೂಲಂಟ್ ಹೊಸದಾಗಿದ್ದರೂ, ಪಂಪು ಸರಿಯಾಗಿದ್ದರೂ, ರೇಡಿಯೇಟರ್ ಸ್ವಚ್ಛವಾಗಿದ್ದರೂ ಎಂಜಿನ್ ಕಾಯುತ್ತದೆ.

ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ಏರ್ ಲಾಕ್ ಎನ್ನುತ್ತಾರೆ, ಗಾಳಿಯನ್ನು ತೆಗೆಯುವ ಕೆಲಸಕ್ಕೆ ಬ್ಲೀಡ್ ಮಾಡುವುದು ಎನ್ನುತ್ತಾರೆ. ಪ್ರತಿ ಕಾರಿಗೂ ಅದರದೇ ಆದ ಬ್ಲೀಡಿಂಗ್ ವಿಧಾನವಿದೆ ಎಂಬ ಮಾತು ನಿಜವಾದರೂ, ಆ ಎಲ್ಲ ವಿಧಾನಗಳ ಹಿಂದಿರುವುದು ಒಂದೇ ಪ್ರಶ್ನೆ. ಈ ಕಾರಿನಲ್ಲಿ ಕೂಲಂಟ್ ಹರಿಯುವ ದಾರಿಯ ಅತ್ಯಂತ ಎತ್ತರದ ಜಾಗ ಯಾವುದು, ಅಲ್ಲಿಂದ ಗಾಳಿ ಹೊರಹೋಗಲು ಬಾಗಿಲಿದೆಯೇ? ಗಾಳಿಗೆ ಮೇಲಕ್ಕೆ ಹೋಗುವುದೊಂದೇ ಗೊತ್ತು. ಮೇಲಿನ ತುದಿಯಲ್ಲಿ ಬಾಗಿಲಿದ್ದರೆ ಅದು ಯಾರೂ ಹೇಳದೆಯೇ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಕುಳಿತುಬಿಡುತ್ತದೆ.

ಹಳೆಯ ಕಾರುಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಮೊದಲ ಕೆಲವನ್ನು ಬಿಟ್ಟರೆ, ವಾಟರ್ ಪಂಪೇ ಇರಲಿಲ್ಲ; ಕಾದ ನೀರು ಹಗುರವಾಗಿ ಮೇಲೇರಿ ರೇಡಿಯೇಟರಿಗೆ ಹೋಗುವುದು, ತಣಿದ ನೀರು ಭಾರವಾಗಿ ಕೆಳಗಿಳಿದು ಎಂಜಿನ್ನಿಗೆ ಮರಳುವುದು, ಇಷ್ಟರಿಂದಲೇ ಕೆಲಸ ನಡೆಯುತ್ತಿತ್ತು. ಇದು ನಡೆಯಬೇಕಾದರೆ ರೇಡಿಯೇಟರಿನ ತಲೆ ಎಂಜಿನ್ನಿಗಿಂತ ಎತ್ತರದಲ್ಲಿರಬೇಕು. ಹಾಗಿದ್ದಾಗ ಗಾಳಿಯೂ ನೇರವಾಗಿ ರೇಡಿಯೇಟರಿನ ಬಾಯಿಗೇ ಬಂದು ನಿಲ್ಲುತ್ತದೆ. ಮುಂದೆ ಗಾಳಿಯ ಪ್ರತಿರೋಧವನ್ನು ತಗ್ಗಿಸಲು ಬಾನೆಟ್ ಕೆಳಗಿಳಿದಂತೆ ರೇಡಿಯೇಟರೂ ಕೆಳಗಿಳಿಯಿತು, ಎಂಜಿನ್ನಿನ ತಲೆಯೂ ಹೀಟರಿನ ಕೊಳವೆಗಳೂ ಅದಕ್ಕಿಂತ ಮೇಲೆ ಉಳಿದವು. ಈಗಿನ ಅನೇಕ ಕಾರುಗಳಲ್ಲಿ ಅತ್ಯಂತ ಎತ್ತರದ ಜಾಗವೆಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೂಲಂಟಿನ ಬಿಸಿಯನ್ನು ಕ್ಯಾಬಿನ್ನಿಗೆ ಕೊಡುವ ಪುಟ್ಟ ರೇಡಿಯೇಟರಿನಂಥ ಹೀಟರ್ ಕೋರ್ ಅಥವಾ ಅದಕ್ಕೆ ಹೋಗುವ ಹೋಸಿನ ಬಾಗು. ಅಲ್ಲಿಗೆ ಮುಚ್ಚಳವೂ ಇಲ್ಲ, ಕೈಯೂ ಹೋಗುವುದಿಲ್ಲ.

ಇಷ್ಟು ಗಾಳಿಯಿಂದ ಇಷ್ಟು ತೊಂದರೆ ಏಕೆ

ಸಿಲಿಂಡರಿನೊಳಗೆ ಇಂಧನ ಉರಿಯುವಾಗ ಅನಿಲದ ಉಷ್ಣತೆ ಕೆಲವು ಕ್ಷಣಗಳ ಮಟ್ಟಿಗೆ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು ಸುಮಾರು 660 ಡಿಗ್ರಿಯಲ್ಲಿ. ಈ ಎರಡು ಸಂಖ್ಯೆಗಳ ನಡುವೆ ಎಂಜಿನ್ನಿನ ಹೆಡ್ಡನ್ನು, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಭಾಗವನ್ನು, ಉಳಿಸುತ್ತಿರುವುದು ಅದರ ಬೆನ್ನಿಗೆ ತಾಗಿಕೊಂಡು ಬಿಡುವಿಲ್ಲದೆ ಹರಿಯುವ ಕೂಲಂಟ್. ಶಾಖವನ್ನು ತನ್ನ ಮೂಲಕ ಸಾಗಿಸುವ ಗುಣದಲ್ಲಿ ನಿಂತ ನೀರು ನಿಂತ ಗಾಳಿಗಿಂತ ಸುಮಾರು 24 ಪಟ್ಟು ಮೇಲು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ, ಒಂದು ಲೀಟರ್ ಗಾಳಿಗೆ ಬೇಕಾಗುವುದರ ಸುಮಾರು 3500 ಪಟ್ಟು. ಹೆಡ್ಡಿನ ಒಂದು ಮೂಲೆಯಲ್ಲಿ ಕೂಲಂಟ್ ಇರಬೇಕಾದ ಕಡೆ ಗಾಳಿ ನಿಂತರೆ, ಆ ಮೂಲೆಯ ಲೋಹದ ಶಾಖವನ್ನು ಒಯ್ಯುವವರು ಯಾರೂ ಇಲ್ಲವೆಂದೇ ಅರ್ಥ.

ಆ ಮೂಲೆ ಕಾದಾಗ ಸುತ್ತಲಿನ ಕೂಲಂಟ್ ಅಲ್ಲೇ ಕುದಿಯುತ್ತದೆ. ಕುದಿತ ಎಲ್ಲ ಸಂದರ್ಭದಲ್ಲೂ ಕೆಟ್ಟದ್ದಲ್ಲ; ಲೋಹದ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಹುಟ್ಟಿ ತಕ್ಷಣ ಹರಿವಿನಲ್ಲಿ ಕೊಚ್ಚಿಹೋಗುವಷ್ಟು ಕುದಿತ ಹೆಚ್ಚು ಹೊರೆಯ ಎಂಜಿನ್ನುಗಳಲ್ಲಿ ಇದ್ದೇ ಇರುತ್ತದೆ, ಅದರಿಂದ ಶಾಖ ಇನ್ನೂ ಚೆನ್ನಾಗಿಯೇ ಸಾಗುತ್ತದೆ. ಆದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ಹಬೆಯ ಹಾಳೆಯಂತೆ ಲೋಹವನ್ನು ಮುಚ್ಚಿದಾಗ ಕಥೆ ಬದಲಾಗುತ್ತದೆ. ವಿಪರೀತ ಕಾದ ಕಾವಲಿಯ ಮೇಲೆ ಬಿದ್ದ ನೀರಿನ ಹನಿ ಕೂಡಲೇ ಆವಿಯಾಗದೆ ಉರುಳಾಡುತ್ತ ಉಳಿಯುವುದನ್ನು ನೋಡಿದವರಿಗೆ ಇದು ಗೊತ್ತು: ಹನಿಯ ಕೆಳಗಿನ ಹಬೆಯೇ ಕಾವಲಿಯ ಶಾಖ ಹನಿಗೆ ತಾಗದಂತೆ ತಡೆಯುತ್ತಿರುತ್ತದೆ. ಎಂಜಿನ್ನಿನೊಳಗೆ ಇದೇ ನಡೆದರೆ ಹೆಡ್ಡಿನ ಒಂದು ಭಾಗ ಉಳಿದ ಭಾಗಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವ ಪ್ರಮಾಣ ಎರಕದ ಕಬ್ಬಿಣದ ಸುಮಾರು ಎರಡರಷ್ಟು. ಆದ್ದರಿಂದ ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕಿನ ಮೇಲೆ ಬಿಗಿದ ಅಲ್ಯೂಮಿನಿಯಂ ಹೆಡ್ ಬಾಗುವುದೂ, ಇವೆರಡರ ನಡುವೆ ಸೋರದಂತೆ ತಡೆಯುವ ಹಾಳೆಯಾದ ಹೆಡ್ ಗ್ಯಾಸ್ಕೆಟ್ ಹಾಳಾಗುವುದೂ ಅಪರೂಪವಲ್ಲ.

ಗಾಳಿ ಮಾಡುವ ಎರಡನೆಯ ಕೇಡು ಪಂಪಿಗೆ ಸಂಬಂಧಿಸಿದ್ದು. ಕಾರಿನ ವಾಟರ್ ಪಂಪ್ ಒಳಗೆ ತಿರುಗುವ ರೆಕ್ಕೆಗಳಿಂದ ದ್ರವವನ್ನು ಹೊರಕ್ಕೆ ಎಸೆದು ಒತ್ತಡ ಹುಟ್ಟಿಸುತ್ತದೆ. ಹುಟ್ಟುವ ಒತ್ತಡ ಎಸೆಯಲ್ಪಡುವ ವಸ್ತುವಿನ ಸಾಂದ್ರತೆಯನ್ನು ಅವಲಂಬಿಸಿದೆ, ಗಾಳಿಯೋ ನೀರಿಗಿಂತ ಸುಮಾರು 800 ಪಟ್ಟು ಹಗುರ. ಪಂಪಿನ ಹೊಟ್ಟೆಗೆ ಗಾಳಿ ಬಂದು ಕುಳಿತರೆ ರೆಕ್ಕೆಗಳು ಎಷ್ಟೇ ಜೋರಾಗಿ ತಿರುಗಿದರೂ ಮುಂದೆ ತಳ್ಳುವಷ್ಟು ಒತ್ತಡ ಹುಟ್ಟುವುದಿಲ್ಲ. ಪಂಪು ಕೆಟ್ಟಿದೆ ಎಂದು ತೀರ್ಮಾನಿಸಿ ಬದಲಾಯಿಸಿದವರಲ್ಲಿ ಕೆಲವರಾದರೂ ಬದಲಾಯಿಸಿದ್ದು ಗಾಳಿ ತುಂಬಿದ ಒಳ್ಳೆಯ ಪಂಪನ್ನೇ ಇರಬೇಕು ಎಂದು ನನ್ನ ಊಹೆ.

ಮೂರನೆಯದು ಸ್ವಲ್ಪ ಸೂಕ್ಷ್ಮವಾದ ವಿಷಯ, ಆದರೆ ಏರ್ ಲಾಕ್ ಎಂಬ ಹೆಸರು ನಿಜವಾಗಿ ಒಪ್ಪುವುದು ಇದಕ್ಕೇ. ಗೋಡೆಯೊಂದನ್ನು ಹತ್ತಿ ಇಳಿಯುವಂತೆ ಹಾಕಿದ ನೀರಿನ ಪೈಪನ್ನು ಕಲ್ಪಿಸಿಕೊಳ್ಳಿ. ಪೈಪು ಪೂರ್ತಿ ತುಂಬಿದ್ದರೆ ಇಳಿಯುವ ಕಡೆಯ ನೀರಿನ ಭಾರ ಏರುವ ಕಡೆಯ ನೀರನ್ನು ಎಳೆದುಕೊಳ್ಳುತ್ತದೆ. ಪಂಪು ಗೋಡೆಯ ಎತ್ತರಕ್ಕಾಗಿ ಪ್ರತ್ಯೇಕವಾಗಿ ಶ್ರಮಪಡಬೇಕಾಗಿಲ್ಲ. ಗೋಡೆಯ ತಲೆಯ ಮೇಲಿನ ಬಾಗಿನಲ್ಲಿ ಗಾಳಿ ನಿಂತಿತೆಂದರೆ ಈ ಎಳೆತ ತುಂಡಾಗುತ್ತದೆ. ಆಗ ಪಂಪು ಏರುವ ಕಡೆಯ ನೀರನ್ನೆಲ್ಲ ತನ್ನ ಬಲದಿಂದಲೇ ತುದಿಯವರೆಗೆ ಎತ್ತಬೇಕು. ಹೀಟರಿನ ಕೊಳವೆಗಳಲ್ಲಿ ಆಗುವುದು ಇದೇ. ಬಾಗು 30 ಸೆಂಟಿಮೀಟರ್ ಎತ್ತರವಿದ್ದರೆ ಬೇಕಾದದ್ದು ಸುಮಾರು 0.03 ಬಾರ್ ಒತ್ತಡ ಮಾತ್ರ; ಕೇಳಲು ಅಲ್ಪವೆನಿಸಿದರೂ ಎಂಜಿನ್ ಐಡಲಿನಲ್ಲಿರುವಾಗ ಹೀಟರಿನ ಕವಲಿಗೆ ಸಿಗುವ ಒತ್ತಡವೂ ಅಲ್ಪವೇ. ಪಂಪಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು. ನಿಂತ ಕಾರಿನಲ್ಲಿ ತಣ್ಣಗೆ ಬೀಸುವ ಹೀಟರ್ ಎಕ್ಸಿಲರೇಟರ್ ಒತ್ತಿದ ಕೂಡಲೇ ಬಿಸಿಯಾಗಿ, ಕಾಲು ತೆಗೆದರೆ ಮತ್ತೆ ತಣ್ಣಗಾಗುವುದಕ್ಕೆ ಕಾರಣ ಇಲ್ಲಿದೆ. ಕೂಲಂಟ್ ಕಡಿಮೆಯಾಗಿದ್ದಾಗಲೂ ಇದೇ ಲಕ್ಷಣ ಕಾಣುತ್ತದೆ, ಏಕೆಂದರೆ ಕೂಲಂಟ್ ಕಡಿಮೆಯಾದ ಜಾಗದಲ್ಲಿ ಇರುವುದೂ ಗಾಳಿಯೇ.

ಉಳಿದ ಲಕ್ಷಣಗಳನ್ನೂ ಇಲ್ಲೇ ಹೇಳಿಬಿಡಬಹುದು. ಡ್ಯಾಶ್‌ಬೋರ್ಡಿನ ಹಿಂದೆ ಬಾಟಲಿಯಿಂದ ನೀರು ಸುರಿದಂತೆ ಗುಳುಗುಳು ಸದ್ದು, ಮುಖ್ಯವಾಗಿ ಎಂಜಿನ್ ಆಗತಾನೇ ಆನ್ ಆದಾಗ. ಮೇಲಿನ ಹೋಸ್ ಮುಟ್ಟಲಾಗದಷ್ಟು ಬಿಸಿಯಿದ್ದು ಕೆಳಗಿನದು ತಣ್ಣಗಿರುವುದು. ಟೆಂಪರೇಚರ್ ಮುಳ್ಳು ಕಾರಣವಿಲ್ಲದೆ ಏರಿ ಇಳಿಯುವುದು. ಕೊನೆಯದರ ಬಗ್ಗೆ ಎಚ್ಚರ ಬೇಕು. ಟೆಂಪರೇಚರ್ ಸೆನ್ಸರ್ ಅಳೆಯುವುದು ತನ್ನ ತುದಿಗೆ ತಾಗಿರುವ ವಸ್ತುವಿನ ಉಷ್ಣತೆಯನ್ನು. ತುದಿ ಗಾಳಿಯಲ್ಲಿದ್ದರೆ ಅದು ನಿಜವಾದುದಕ್ಕಿಂತ ಕಡಿಮೆ ತೋರಿಸಬಹುದು, ಬಿಸಿ ಹಬೆ ಬಂದು ತಾಗಿದ ಕ್ಷಣಕ್ಕೆ ಥಟ್ಟನೆ ಜಿಗಿಯಬಹುದು. ಅದೇ ಸೆನ್ಸರಿನ ಮಾತು ಕೇಳಿ ಫ್ಯಾನ್ ತಿರುಗುವ ಕಾರುಗಳಲ್ಲಿ ಎಂಜಿನ್ ಬೇಯುತ್ತಿದ್ದರೂ ಫ್ಯಾನ್ ಸುಮ್ಮನಿರುತ್ತದೆ. ಕೂಲಂಟ್ ಬದಲಾಯಿಸಿದ ದಿನ ಮುಳ್ಳು ಮಾಮೂಲಿಗಿಂತ ಕೆಳಗಿದೆ ಎಂದು ಸಮಾಧಾನಪಡುವುದಕ್ಕಿಂತ ಅನುಮಾನಪಡುವುದು ಮೇಲು.

ಮುಚ್ಚಳದ ಕೆಲಸ, ಟ್ಯಾಂಕಿನ ಕೆಲಸ

ನೀರೂ ಎಥಿಲೀನ್ ಗ್ಲೈಕಾಲೂ ಅರ್ಧರ್ಧ ಬೆರೆತ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಹೊರಗಿನ ವಾಯುಭಾರಕ್ಕಿಂತ 1 ಬಾರ್ ಹೆಚ್ಚು ಒತ್ತಡದಲ್ಲಿ ಮುಚ್ಚಿಟ್ಟರೆ ಕುದಿಯುವ ಉಷ್ಣತೆ 130 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ರೇಡಿಯೇಟರಿನ ಮುಚ್ಚಳ ಬರೀ ಮುಚ್ಚಳವಲ್ಲ, ಈ ಒತ್ತಡವನ್ನು ಹಿಡಿದಿಡುವ ವಾಲ್ವು. ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದೂ ತೆರೆಯಬಾರದು ಎನ್ನುವುದೂ ಇದೇ ಕಾರಣಕ್ಕೆ: ಒತ್ತಡದಿಂದಷ್ಟೇ ದ್ರವವಾಗಿ ಉಳಿದಿದ್ದ ಕೂಲಂಟ್ ಮುಚ್ಚಳ ಸಡಿಲವಾದ ಕ್ಷಣದಲ್ಲಿ ಒಳಗಿಂದಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಆಯಿತು ಎನ್ನುವ ಸಲಹೆಯನ್ನು ನಾನು ಯಾರಿಗೂ ಕೊಡಲಾರೆ. ಹೋಸನ್ನು ಬರಿಗೈಯಲ್ಲಿ ಹಿಡಿಯಲು ಸಾಧ್ಯವಾಗುವವರೆಗೆ, ಹಿಸುಕಿದರೆ ಮೆತ್ತಗೆ ಒಳಹೋಗುವವರೆಗೆ ಕಾಯಬೇಕು.

ಮುಚ್ಚಳದಲ್ಲಿ ಎರಡು ವಾಲ್ವುಗಳಿರುತ್ತವೆ. ನೀರು 20 ಡಿಗ್ರಿಯಿಂದ 90 ಡಿಗ್ರಿಗೆ ಕಾದಾಗ ಅದರ ಗಾತ್ರ ಸುಮಾರು ನೂರಕ್ಕೆ ಮೂರೂವರೆಯಷ್ಟು ಹಿಗ್ಗುತ್ತದೆ, ಗ್ಲೈಕಾಲ್ ಬೆರೆತರೆ ಇನ್ನೂ ಸ್ವಲ್ಪ ಹೆಚ್ಚು. ಆರು ಲೀಟರಿನ ವ್ಯವಸ್ಥೆಯಲ್ಲಿ ಇನ್ನೂರು ಮಿಲಿಲೀಟರಿಗಿಂತ ಹೆಚ್ಚು ದ್ರವಕ್ಕೆ ಜಾಗ ಸಾಲದಾಗುತ್ತದೆ. ಮುಚ್ಚಳದ ದೊಡ್ಡ ವಾಲ್ವು ತೆರೆದು ಆ ಹೆಚ್ಚುವರಿಯನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಬಿಡುತ್ತದೆ. ರೇಡಿಯೇಟರಿನ ತಲೆಯಲ್ಲಿ ಗಾಳಿಯಿದ್ದರೆ ಮೊದಲು ಹೋಗುವುದು ಅದೇ, ಬಾಟಲಿಯ ತಳದಲ್ಲಿ ಗುಳ್ಳೆಯಾಗಿ ಹೊರಬಂದು ಹಾರಿಹೋಗುತ್ತದೆ. ಎಂಜಿನ್ ತಣಿದು ಒಳಗಿನ ದ್ರವ ಕುಗ್ಗಿದಾಗ ಸಣ್ಣ ವಾಲ್ವು ತೆರೆದು ಬಾಟಲಿಯಿಂದ ಕೂಲಂಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೊಳವೆಯ ತುದಿ ದ್ರವದಲ್ಲಿ ಮುಳುಗಿರುವುದರಿಂದ ಹೋದದ್ದು ಗಾಳಿ, ಬಂದದ್ದು ಕೂಲಂಟ್. ಹೀಗೆ ಪ್ರತಿ ಸಲ ಕಾದು ತಣಿದಾಗಲೂ ವ್ಯವಸ್ಥೆ ತಾನಾಗಿಯೇ ಸ್ವಲ್ಪ ಬ್ಲೀಡ್ ಆಗುತ್ತದೆ. ಎಷ್ಟು ಸರಳವಾದ ಏರ್ಪಾಡು! ಆದರೆ ಬಾಟಲಿಯಲ್ಲಿ ದ್ರವ ತೀರಿದ್ದರೆ, ಅಥವಾ ಮುಚ್ಚಳದ ರಬ್ಬರು ಒಡೆದಿದ್ದರೆ ಇದೇ ಏರ್ಪಾಡು ತಿರುವುಮುರುವಾಗಿ, ಪ್ರತಿ ರಾತ್ರಿ ಒಂದಿಷ್ಟು ಗಾಳಿಯನ್ನು ಒಳಗೆ ಎಳೆದುಕೊಳ್ಳತೊಡಗುತ್ತದೆ. ಸಣ್ಣ ಸೋರಿಕೆಯ ಹೋಸೂ ಹಾಗೆಯೇ: ಬಿಸಿಯಲ್ಲಿ ಕೂಲಂಟನ್ನು ಹೊರಗೆ ಬಿಡುತ್ತದೆ, ತಣಿಯುವಾಗ ಅದೇ ಬಿರುಕಿನಿಂದ ಗಾಳಿಯನ್ನು ಒಳಗೆ ಕರೆದುಕೊಳ್ಳುತ್ತದೆ.

ಇನ್ನೊಂದು ಬಗೆಯ ವ್ಯವಸ್ಥೆಯಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ. ಒತ್ತಡ ತಡೆಯುವ ಮುಚ್ಚಳ ಎತ್ತರದಲ್ಲಿರುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಮೇಲಿರುತ್ತದೆ. ಎಂಜಿನ್ನಿನ ಹೆಡ್ಡಿನಿಂದಲೂ ರೇಡಿಯೇಟರಿನ ತಲೆಯಿಂದಲೂ ಪೆನ್ಸಿಲಿನಷ್ಟು ತೆಳುವಾದ ಕೊಳವೆಗಳು ಈ ಟ್ಯಾಂಕಿಗೆ ಬಂದು ಸೇರುತ್ತವೆ. ಅವುಗಳಲ್ಲಿ ಸದಾ ಸ್ವಲ್ಪ ಕೂಲಂಟ್ ಹರಿಯುತ್ತ, ಜೊತೆಗೆ ಗುಳ್ಳೆಗಳನ್ನೂ ಹೊತ್ತು ತರುತ್ತದೆ. ವಿಶಾಲವಾದ ಟ್ಯಾಂಕಿನಲ್ಲಿ ಹರಿವು ಮಂದವಾಗುವುದರಿಂದ ಗುಳ್ಳೆಗಳಿಗೆ ಮೇಲೇರಲು ಬಿಡುವು ಸಿಗುತ್ತದೆ, ಗಾಳಿ ಕಳೆದುಕೊಂಡ ಕೂಲಂಟ್ ತಳದ ದಪ್ಪ ಹೋಸಿನ ಮೂಲಕ ಪಂಪಿಗೆ ಮರಳುತ್ತದೆ. ಈ ತೆಳು ಕೊಳವೆ ಕಸದಿಂದ ಕಟ್ಟಿಕೊಂಡರೆ ಎಷ್ಟು ಸಲ ಬ್ಲೀಡ್ ಮಾಡಿದರೂ ಗಾಳಿ ಹೋಗದು; ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಆನ್ ಮಾಡಿ, ಕೊಳವೆಯ ಬಾಯಿಂದ ದ್ರವ ಬೀಳುತ್ತಿದೆಯೇ ಎಂದು ಇಣುಕಿದರೆ ಅನೇಕ ಕಾರುಗಳಲ್ಲಿ ತಿಳಿದುಬಿಡುತ್ತದೆ. ಇಂಥ ಟ್ಯಾಂಕನ್ನು ಮೇಲಿನ ಗೆರೆ ದಾಟಿ ತುಂಬುವುದು ತಪ್ಪು. ಆ ಗೆರೆಯ ಮೇಲೆ ಉಳಿದಿರುವ ಗಾಳಿ ಬೇಕಾದ ಗಾಳಿ. ಹಿಗ್ಗುವ ಕೂಲಂಟಿಗೆ ಅದು ಮೆತ್ತೆಯಂತೆ ಒತ್ತಿಸಿಕೊಂಡು ಜಾಗ ಬಿಟ್ಟುಕೊಡುತ್ತದೆ. ಗಾಳಿಯನ್ನು ಪೂರ್ತಿ ತೆಗೆಯುವ ಉತ್ಸಾಹದಲ್ಲಿ ಅದನ್ನೂ ತೆಗೆದವರು ಮುಚ್ಚಳದಿಂದ ಕೂಲಂಟ್ ಉಕ್ಕುವುದನ್ನು ಕಂಡು ಬೇರೆ ಕಾಯಿಲೆಯನ್ನು ಹುಡುಕುತ್ತಾರೆ.

ಬ್ಲೀಡ್ ಮಾಡುವ ಕೆಲಸ

ಕಾರಿನ ಕೈಪಿಡಿಯಲ್ಲಿ ಎರಡು ವಿಷಯಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು: ವ್ಯವಸ್ಥೆ ಒಟ್ಟು ಹಿಡಿಯುವ ಕೂಲಂಟ್ ಎಷ್ಟು ಲೀಟರ್, ಗಾಳಿ ಬಿಡಲೆಂದೇ ಇಟ್ಟ ಬ್ಲೀಡ್ ಸ್ಕ್ರೂಗಳು ಎಲ್ಲೆಲ್ಲಿವೆ. ಬಸಿದ ಹಳೆಯದನ್ನು ಅಳೆದಿಟ್ಟುಕೊಂಡರೆ ಮುಂದೆ ಊಹೆಯ ಅಗತ್ಯವಿಲ್ಲ. ಬಸಿದದ್ದನ್ನು ತೆರೆದ ಪಾತ್ರೆಯಲ್ಲಿ ಬಿಡಬಾರದು. ಎಥಿಲೀನ್ ಗ್ಲೈಕಾಲ್ ವಿಷ, ರುಚಿಯೋ ಸಿಹಿ, ಮಕ್ಕಳೂ ಸಾಕುಪ್ರಾಣಿಗಳೂ ಮೋಸಹೋಗುವುದು ಅದಕ್ಕೇ. ಹೊಸ ಕೂಲಂಟನ್ನು ಬಣ್ಣ ನೋಡಿ ಆರಿಸಬಾರದು, ಒಂದೇ ಬಣ್ಣದ ಎರಡು ಕೂಲಂಟುಗಳ ರಾಸಾಯನಿಕ ಗುಣ ಬೇರೆ ಬೇರೆಯಾಗಿರಬಹುದು.

ಕಾರನ್ನು ಹೇಗೆ ನಿಲ್ಲಿಸಬೇಕು ಎಂಬಲ್ಲಿಂದಲೇ ಆ ಎತ್ತರದ ಪ್ರಶ್ನೆ ಶುರುವಾಗುತ್ತದೆ. ಮುಂದಿನ ಚಕ್ರಗಳನ್ನು ರ‍್ಯಾಂಪಿನ ಮೇಲೆ ಏರಿಸಬೇಕು ಎಂಬ ಸಲಹೆ ಎಲ್ಲೆಲ್ಲೂ ಕೇಳಿಬರುತ್ತದೆ. ತುಂಬುವ ಬಾಯಿ ಕಾರಿನ ಮುಂಭಾಗದಲ್ಲಿ, ಅಂದರೆ ರೇಡಿಯೇಟರಿನ ಮೇಲೇ ಇದ್ದರೆ ಈ ಸಲಹೆ ಸರಿ, ಏಕೆಂದರೆ ಮುಂಭಾಗ ಏರಿದಾಗ ಆ ಬಾಯಿಯೇ ಎಲ್ಲಕ್ಕಿಂತ ಎತ್ತರವಾಗುತ್ತದೆ. ತುಂಬುವ ಟ್ಯಾಂಕ್ ಎಂಜಿನ್ನಿನ ಹಿಂದೆ, ವಿಂಡ್‌ಶೀಲ್ಡಿನ ಬುಡದಲ್ಲಿರುವ ಕಾರಿನ ಮೂತಿಯನ್ನು ಎತ್ತಿದರೆ ಗಾಳಿಯೆಲ್ಲ ಬಾಯಿಯಿಂದ ದೂರ, ರೇಡಿಯೇಟರಿನ ತಲೆಗೆ ಓಡುತ್ತದೆ. ಅಂಥ ಕಾರನ್ನು ಸಮತಟ್ಟಾಗಿ ನಿಲ್ಲಿಸುವುದೇ ಒಳ್ಳೆಯದು. ಸಲಹೆಯನ್ನು ಪಾಲಿಸುವ ಮೊದಲು ಬಾನೆಟ್ ಎತ್ತಿ ಬಾಯಿ ಎಲ್ಲಿದೆ ಎಂದು ನೋಡಲು ಅರ್ಧ ನಿಮಿಷ ಸಾಕು.

ರೇಡಿಯೇಟರಿನ ಬಾಯಿಗೆ ಸೋರದಂತೆ ಕೂರುವ ಎತ್ತರದ ಆಲಿಕೆಯೂ ಮಾಡುವುದು ಇದನ್ನೇ. ಅದರಲ್ಲಿ ಅರ್ಧದಷ್ಟು ಕೂಲಂಟ್ ನಿಂತಿದ್ದರೆ ಇಡೀ ವ್ಯವಸ್ಥೆಯ ಅತ್ಯಂತ ಎತ್ತರದ, ಅದೂ ತೆರೆದ ಜಾಗ ಆಲಿಕೆಯೇ ಆಗುತ್ತದೆ. ಗುಳ್ಳೆ ಬಂದು ಒಡೆದು ಹೋದಷ್ಟೂ ಅಷ್ಟೇ ಕೂಲಂಟ್ ಕೆಳಗಿಳಿಯುತ್ತದೆ, ಮತ್ತೆ ಗಾಳಿ ಒಳಹೋಗಲು ಅವಕಾಶವೇ ಇರುವುದಿಲ್ಲ. ಇಷ್ಟು ಸಾಮಾನ್ಯವಾದ ಸಲಕರಣೆ ಇಷ್ಟು ಕೆಲಸ ಮಾಡುವುದು ಮೊದಲ ಸಲ ನೋಡಿದವರಿಗೆ ಆಶ್ಚರ್ಯ ತರಿಸುತ್ತದೆ.

ತುಂಬುವಾಗ ಅವಸರ ಕೂಡದು. ಬಿರುಸಾಗಿ ಸುರಿದ ದ್ರವ ತಾನೇ ಗಾಳಿಯನ್ನು ಒಳಗೆ ಎಳೆದುಕೊಂಡು ಹೋಗುತ್ತದೆ, ಜೊತೆಗೆ ಮೇಲೆ ಬರುವ ಗಾಳಿಯ ದಾರಿಯನ್ನೂ ಮುಚ್ಚುತ್ತದೆ. ಬ್ಲೀಡ್ ಸ್ಕ್ರೂ ಇರುವ ಕಾರಿನಲ್ಲಿ, ಎಂಜಿನ್ ತಣ್ಣಗೆ ನಿಂತಿರುವಾಗಲೇ, ಸ್ಕ್ರೂ ಸಡಿಲಿಸಿ ಬಾಯಿಯಿಂದ ಸಣ್ಣ ಧಾರೆಯಾಗಿ ತುಂಬುತ್ತ ಹೋಗಬೇಕು. ಮೊದಲು ಗಾಳಿಯ ಉಸಿರು, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ಅಖಂಡ ಧಾರೆ ಬಂದಾಗ ಸ್ಕ್ರೂ ಬಿಗಿಯಬೇಕು. ಹಲವು ಸ್ಕ್ರೂಗಳಿದ್ದರೆ ಕೈಪಿಡಿ ಹೇಳಿದ ಕ್ರಮದಲ್ಲಿಯೇ ತೆರೆಯಬೇಕು. ಈ ಸ್ಕ್ರೂಗಳು ಬಹುತೇಕ ಪ್ಲಾಸ್ಟಿಕ್ಕಿನವು, ವರ್ಷಗಟ್ಟಲೆ ಬಿಸಿ ಉಂಡು ಗರಿಗರಿಯಾಗಿರುತ್ತವೆ. ಬಿಗಿಯುವಾಗ ತೋಳ್ಬಲ ತೋರಿಸಿದರೆ ತಲೆ ಮುರಿದು ಕೈಗೆ ಬರುತ್ತದೆ.

ಬಾಯಿಯವರೆಗೂ ತುಂಬಿದ ಮೇಲೂ ಥರ್ಮೋಸ್ಟಾಟಿನ ಹಿಂದೆ ಗಾಳಿ ಉಳಿದಿರುತ್ತದೆ. ಮೇಣ ತುಂಬಿದ ಈ ವಾಲ್ವು ಕಾರಿಗೆ ತಕ್ಕಂತೆ ಸುಮಾರು 82ರಿಂದ 95 ಡಿಗ್ರಿಯೊಳಗೆ ತೆರೆಯತೊಡಗುತ್ತದೆ, ಅಲ್ಲಿಯವರೆಗೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು ಮುಚ್ಚಿಯೇ ಇರುತ್ತದೆ. ಕೆಲವು ಥರ್ಮೋಸ್ಟಾಟುಗಳ ಅಂಚಿನಲ್ಲಿ ಸಣ್ಣ ರಂಧ್ರವೂ ಅದರಲ್ಲಿ ಅಲುಗಾಡುವ ಪಿನ್ನೂ ಇರುತ್ತವೆ. ಅದು ತಯಾರಿಕೆಯ ದೋಷವಲ್ಲ, ಗಾಳಿ ನುಸುಳಿಹೋಗಲೆಂದೇ ಇಟ್ಟ ಕಿಂಡಿ. ಜೋಡಿಸುವಾಗ ಆ ರಂಧ್ರ ಮೇಲ್ಗಡೆ, ಗಡಿಯಾರದ 12ರ ಜಾಗದಲ್ಲಿ ಬರಬೇಕು. ಕೆಳಗೆ ಬಂದರೆ ಅಲ್ಲಿರುವುದು ದ್ರವ, ಗಾಳಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಗಾಳಿಯ ಕಾಟಕ್ಕೆ ಬೇಸತ್ತು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಪದ್ಧತಿಯೂ ಇದೆ. ಅದರಿಂದ ಎಂಜಿನ್ ಬೇಕಾದ ಬಿಸಿಗೆ ಬರಲು ಒದ್ದಾಡುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ. ಗಾಳಿ ಮಾತ್ರ ಹೀಟರಿನಲ್ಲಿ ಹಾಯಾಗಿ ಉಳಿಯುತ್ತದೆ.

ಆದ್ದರಿಂದ ಮುಂದಿನ ಹಂತದಲ್ಲಿ ಎಂಜಿನ್ ಕಾಯಲೇಬೇಕು. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಬ್ಲೋವರನ್ನು ಸಣ್ಣ ವೇಗದಲ್ಲಿ ಇಟ್ಟು, ಎಸಿ ಆಫ್ ಮಾಡಿ, ಆಲಿಕೆ ಬಾಯಲ್ಲಿರುವಂತೆಯೇ ಎಂಜಿನ್ ಆನ್ ಮಾಡಬೇಕು. ಹೀಟರನ್ನು ಬಿಸಿಗೆ ತಿರುಗಿಸುವುದು ಅದರ ವಾಲ್ವು ಮುಚ್ಚಿಕೊಂಡಿರಬಾರದೆಂದು. ವಾಲ್ವೇ ಇಲ್ಲದ ಕಾರುಗಳಲ್ಲಿ ಇದರಿಂದ ಹರಿವು ಬದಲಾಗದಿದ್ದರೂ ಬರುವ ಗಾಳಿ ಬಿಸಿಯಾಯಿತೇ ಎಂದು ತಿಳಿಯಲು ನೆರವಾಗುತ್ತದೆ. ಎಸಿ ಆಫ್ ಮಾಡುವುದು ಫ್ಯಾನಿನ ಕಾರಣಕ್ಕೆ: ಎಸಿ ಆನ್ ಇದ್ದರೆ ರೇಡಿಯೇಟರ್ ಫ್ಯಾನ್ ಹೇಗೂ ತಿರುಗುತ್ತಿರುತ್ತದೆ, ಅದು ಬಿಸಿಗೆ ತಿರುಗಿತೋ ಎಸಿಗೆ ತಿರುಗಿತೋ ತಿಳಿಯುವುದಿಲ್ಲ.

ಕೆಲವು ನಿಮಿಷಗಳಲ್ಲಿ ಆಲಿಕೆಯಲ್ಲಿ ಗುಳ್ಳೆಗಳು ಕಾಣತೊಡಗುತ್ತವೆ. ಥರ್ಮೋಸ್ಟಾಟ್ ತೆರೆದ ಗಳಿಗೆಯಲ್ಲಿ ಒಂದು ದೊಡ್ಡ ಗುಳ್ಳೆ ಬುಳಕ್ಕನೆ ಬಂದು ಆಲಿಕೆಯ ಮಟ್ಟ ಥಟ್ಟನೆ ಇಳಿಯುವುದುಂಟು. ಆಗ ಆಲಿಕೆ ಬರಿದಾಗದಂತೆ ಇನ್ನಷ್ಟು ಕೂಲಂಟ್ ಹಾಕಬೇಕು. ನಡುನಡುವೆ ಎಂಜಿನ್ ವೇಗವನ್ನು ನಿಮಿಷಕ್ಕೆ 2000ದಿಂದ 2500 ಸುತ್ತಿನವರೆಗೆ ಏರಿಸಿ ಅರ್ಧ ನಿಮಿಷ ಹಿಡಿದರೆ, ಮೊದಲೇ ಹೇಳಿದ ಒತ್ತಡದ ಲೆಕ್ಕದಂತೆ, ಹೀಟರಿನ ಬಾಗಿನಲ್ಲಿ ಕುಳಿತ ಗಾಳಿ ಹರಿವಿನೊಂದಿಗೆ ಕೊಚ್ಚಿಕೊಂಡು ಬರುತ್ತದೆ. ಹೋಸುಗಳನ್ನು ಹಿಸುಕಿ ಬಿಡುವುದೂ ನೆರವಾಗುತ್ತದೆ, ಆದರೆ ಅವು ಮುಟ್ಟುವಷ್ಟು ತಣ್ಣಗಿರುವಾಗ ಮಾತ್ರ, ಫ್ಯಾನಿನಿಂದಲೂ ಬೆಲ್ಟಿನಿಂದಲೂ ಕೈ ಮತ್ತು ತೋಳಂಗಿ ದೂರವಿರುವಂತೆ. ಎಲೆಕ್ಟ್ರಿಕ್ ಫ್ಯಾನ್ ಮುನ್ಸೂಚನೆ ಕೊಟ್ಟು ತಿರುಗುವುದಿಲ್ಲ.

ಎಷ್ಟು ಹೊತ್ತು ಎಂಬುದಕ್ಕೆ ಇಪ್ಪತ್ತು ನಿಮಿಷ, ಅರ್ಧ ಗಂಟೆ ಎಂಬ ಉತ್ತರಗಳಿವೆ. ನನಗೆ ಗಡಿಯಾರಕ್ಕಿಂತ ಕಾರಿನ ಮೇಲೆ ಹೆಚ್ಚು ನಂಬಿಕೆ. ಫ್ಯಾನ್ ಎರಡು ಬಾರಿ ತಿರುಗಿ ನಿಂತಿರಬೇಕು. ರೇಡಿಯೇಟರಿನ ಮೇಲಿನ ಹೋಸೂ ಕೆಳಗಿನ ಹೋಸೂ ಬಿಸಿಯಾಗಿರಬೇಕು. ಹೀಟರಿಗೆ ಹೋಗುವ, ಅಲ್ಲಿಂದ ಬರುವ ಎರಡು ಹೋಸುಗಳೂ ಹೆಚ್ಚುಕಡಿಮೆ ಒಂದೇ ಬಿಸಿಯಿರಬೇಕು. ಐಡಲಿನಲ್ಲಿಯೂ ಕ್ಯಾಬಿನ್ನಿನೊಳಗೆ ಬಿಸಿಗಾಳಿ ಬರಬೇಕು. ಇವೆಲ್ಲ ಆಗಿ, ಅಳೆದಿಟ್ಟ ಲೀಟರಿನ ಲೆಕ್ಕವೂ ಕೂಡಿಬಂದರೆ ಎಂಜಿನ್ ನಿಲ್ಲಿಸಬಹುದು. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಇನ್ನೂ ಒಂದೆರಡು ಬರುತ್ತಿದ್ದರೆ ಚಿಂತೆಯಿಲ್ಲ. ತಣ್ಣನೆಯ ನೀರಿನಲ್ಲಿ ಕರಗಿರುವ ಗಾಳಿ ನೀರು ಕಾದಾಗ ಬೇರ್ಪಡುತ್ತದೆ, ಒಲೆಯ ಮೇಲಿಟ್ಟ ಪಾತ್ರೆಯ ಗೋಡೆಗೆ ಕುದಿಯುವ ಮೊದಲೇ ಅಂಟಿಕೊಳ್ಳುವ ಗುಳ್ಳೆಗಳಂತೆ.

ಪಂಪು ಬೆಲ್ಟಿನ ಬದಲು ವಿದ್ಯುತ್ತಿನಿಂದ ತಿರುಗುವ ಕಾರುಗಳಲ್ಲಿ ಈ ವಿಧಾನ ನಡೆಯುವುದಿಲ್ಲ, ಏಕೆಂದರೆ ಎಂಜಿನ್ ಆನ್ ಆದ ಮಾತ್ರಕ್ಕೆ ಪಂಪು ತಿರುಗಲೇಬೇಕೆಂದಿಲ್ಲ. ಅವುಗಳಲ್ಲಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನ್ ಟೂಲಿನಿಂದ, ಇಲ್ಲವೇ ಕೈಪಿಡಿ ಹೇಳಿದ ಕ್ರಮದಲ್ಲಿ ಸ್ವಿಚ್ಚು ಮತ್ತು ಪೆಡಲ್ ಒತ್ತುವುದರಿಂದ ಪಂಪನ್ನು ಬ್ಲೀಡಿಂಗ್ ಕ್ರಮದಲ್ಲಿ ಓಡಿಸಬೇಕು.

ನಿರ್ವಾತದಿಂದ ತುಂಬುವುದು

ಇಷ್ಟೆಲ್ಲ ಕಾಯುವಿಕೆಯನ್ನು ತಪ್ಪಿಸುವ ಇನ್ನೊಂದು ದಾರಿಯಿದೆ: ಮೊದಲು ತುಂಬಿ ಆಮೇಲೆ ಗಾಳಿ ತೆಗೆಯುವ ಬದಲು ಮೊದಲೇ ಗಾಳಿಯನ್ನು ಹೀರಿ ಆಮೇಲೆ ತುಂಬುವುದು. ತುಂಬುವ ಬಾಯಿಗೆ ರಬ್ಬರಿನ ಬಿರಡೆ ಹಾಕಿ, ಕಂಪ್ರೆಸರಿನ ಗಾಳಿಯನ್ನು ಕಿರಿದಾದ ನಳಿಕೆಯ ಮೂಲಕ ರಭಸದಿಂದ ಹಾಯಿಸಿದಾಗ ಹುಟ್ಟುವ ಸೆಳೆತದಿಂದ ವ್ಯವಸ್ಥೆಯೊಳಗಿನ ಗಾಳಿಯನ್ನು ಎಳೆದು ತೆಗೆಯುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಗಾಳಿ ಹೊರಬಂದಾಗ ಹೋಸುಗಳು ಚಪ್ಪಟೆಯಾಗಿ ಕುಗ್ಗಿರುತ್ತವೆ; ನೋಡಲು ಗಾಬರಿಯೆನಿಸಿದರೂ ಆರೋಗ್ಯವಾಗಿರುವ ಹೋಸಿಗೆ ಅದರಿಂದ ಹಾನಿಯಿಲ್ಲ. ವಾಲ್ವು ಮುಚ್ಚಿ ಕೆಲವು ನಿಮಿಷ ಗೇಜಿನ ಮುಳ್ಳನ್ನು ಗಮನಿಸಿ, ಅದು ಅಲುಗದಿದ್ದರೆ ಇನ್ನೊಂದು ಕೊಳವೆಯನ್ನು ಕೂಲಂಟಿನ ಡಬ್ಬಿಯಲ್ಲಿ ಮುಳುಗಿಸಿ ವಾಲ್ವು ತೆರೆದರೆ ಹೊರಗಿನ ವಾಯುಭಾರವೇ ಕೂಲಂಟನ್ನು ಮೂಲೆಮೂಲೆಗೂ ತಳ್ಳುತ್ತದೆ. ಕೊಳವೆಯ ತುದಿ ಡಬ್ಬಿಯಲ್ಲಿ ಮೇಲೆದ್ದು ಗಾಳಿ ಹೀರದಂತೆ ಮಾತ್ರ ನೋಡಿಕೊಳ್ಳಬೇಕು.

ಈ ವಿಧಾನಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ವಾಯುಭಾರದ ಹತ್ತನೆಯ ಒಂದು ಪಾಲು ಒತ್ತಡದಲ್ಲಿ ನೀರು 46 ಡಿಗ್ರಿಗೇ ಕುದಿಯುತ್ತದೆ. ಬೆಚ್ಚಗಿನ ಎಂಜಿನ್ನಿನಲ್ಲಿ ಉಳಿದ ದ್ರವ ಹಬೆಯಾಗಿ, ನಿರ್ವಾತ ನಿಲ್ಲದೆ, ಇಲ್ಲದ ಸೋರಿಕೆಯನ್ನು ಇದೆಯೆಂದು ತೋರಿಸುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಒತ್ತಡದಲ್ಲಿ ಸೋರುವ ಹೋಸ್ ನಿರ್ವಾತದಲ್ಲಿ ಪೈಪಿಗೆ ಅಂಟಿಕೊಂಡು ಸೋರದೆ ಇರಬಹುದು. ಹಾಗಾಗಿ ಮುಳ್ಳು ಅಲುಗಲಿಲ್ಲ ಎಂಬುದು ಸೋರಿಕೆಯೇ ಇಲ್ಲವೆಂಬುದಕ್ಕೆ ಪೂರ್ತಿ ಸಾಕ್ಷಿಯಲ್ಲ. ಇಷ್ಟಾದರೂ ಹೀಟರ್ ಎತ್ತರದಲ್ಲಿರುವ ಕಾರುಗಳಿಗೂ, ಎಂಜಿನ್ ಹಿಂದೆ ರೇಡಿಯೇಟರ್ ಮುಂದೆ ಇದ್ದು ನಡುವೆ ಉದ್ದನೆಯ ಪೈಪು ಹಾಯುವ ಕಾರುಗಳಿಗೂ ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಾಣೆ.

ಗಾಳಿ ಮುಗಿಯದಿದ್ದಾಗ

ಒಂದು ಗಂಟೆ ಬ್ಲೀಡ್ ಮಾಡಿದರೂ ಆಲಿಕೆಯಲ್ಲಿ ಗುಳ್ಳೆಗಳು ಒಂದೇ ಲಯದಲ್ಲಿ ಬರುತ್ತಲೇ ಇದ್ದರೆ, ಎಂಜಿನ್ ವೇಗ ಹೆಚ್ಚಿಸಿದಂತೆ ಅವೂ ಹೆಚ್ಚಾದರೆ, ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿಯಲ್ಲ. ಸಿಕ್ಕಿಕೊಂಡ ಗಾಳಿಗೆ ಒಂದು ಮಿತಿಯಿದೆ, ಒಂದೂವರೆ ಲೀಟರ್ ಹೊರಬಂದ ಮೇಲೆ ಅದು ಮುಗಿಯಲೇಬೇಕು. ಮುಗಿಯದ ಅನಿಲ ಎಲ್ಲಿಂದಲೋ ಹುಟ್ಟುತ್ತಿದೆ, ಮೊದಲು ಅನುಮಾನಿಸಬೇಕಾದದ್ದು ಹೆಡ್ ಗ್ಯಾಸ್ಕೆಟನ್ನು. ಗ್ಯಾಸ್ಕೆಟ್ ಸೀಳಿದ್ದರೆ ಸಿಲಿಂಡರಿನ ಉರಿದ ಅನಿಲ ಕೂಲಂಟಿಗೆ ನುಗ್ಗುತ್ತದೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನನ್ನು ಆನ್ ಮಾಡಿದ ಒಂದೆರಡು ನಿಮಿಷದಲ್ಲೇ, ಕೂಲಂಟ್ ಇನ್ನೂ ಬೆಚ್ಚಗಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಅನುಮಾನ ಬಲವಾಗುತ್ತದೆ, ಏಕೆಂದರೆ ಅಷ್ಟು ಬೇಗ ಅಷ್ಟು ಒತ್ತಡ ಬರೀ ಬಿಸಿಯಿಂದ ಬರಲಾರದು. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಹಾಯಿಸುವ ಪರೀಕ್ಷೆಯೂ ಇದೆ. ಉರಿದ ಅನಿಲದ ಕಾರ್ಬನ್ ಡೈಆಕ್ಸೈಡ್ ತಾಗಿದರೆ ನೀಲಿ ಹಳದಿಗೆ ತಿರುಗುತ್ತದೆ. ಹಳದಿಯಾಯಿತೆಂದರೆ ಬ್ಲೀಡಿಂಗನ್ನು ಅಲ್ಲಿಗೆ ನಿಲ್ಲಿಸಬೇಕು. ಅದು ಹೆಡ್ ಬಿಚ್ಚಬೇಕಾದ ಕೆಲಸ.

ಎಲ್ಲ ಸರಿಯಾಗಿ ಮುಗಿದ ಕಾರನ್ನೂ ಮರುದಿನ ಬೆಳಿಗ್ಗೆ, ಆನ್ ಮಾಡುವ ಮೊದಲು, ಒಮ್ಮೆ ನೋಡಬೇಕು. ಬಾಟಲಿಯ ಮಟ್ಟ ಒಂದು ಬೆರಳಿನಷ್ಟು ಇಳಿದಿರುವುದು ಸಹಜ. ರಾತ್ರಿ ತಣಿಯುವಾಗ ಉಳಿದ ಗಾಳಿಯ ಜಾಗಕ್ಕೆ ಅಷ್ಟು ಕೂಲಂಟ್ ಒಳಹೋಗಿದೆ, ಗೆರೆಯವರೆಗೆ ತುಂಬಿದರೆ ಆಯಿತು. ಎರಡನೆಯ ಬೆಳಿಗ್ಗೆ ಇಳಿತ ಅದಕ್ಕಿಂತ ಕಡಿಮೆಯಿರಬೇಕು, ಮೂರನೆಯ ಬೆಳಿಗ್ಗೆ ಇಲ್ಲವೆನ್ನುವಷ್ಟಾಗಬೇಕು. ನಾಲ್ಕನೆಯ ದಿನವೂ ಮೊದಲಿನಷ್ಟೇ ಇಳಿಯುತ್ತಿದ್ದರೆ ಕೂಲಂಟ್ ಹೋಗುತ್ತಿರುವುದು ಗಾಳಿಯ ಜಾಗಕ್ಕಲ್ಲ, ಕಾರಿನ ಹೊರಕ್ಕೆ ಅಥವಾ ಸಿಲಿಂಡರಿನ ಒಳಕ್ಕೆ.